ಮಗುಚಿ ಹಾಕಿದ ಕೈ

ತಾರಿಖ್ ಜೀವನದಲ್ಲಿ ಕಲಿತದ್ದು ಎರಡೇ ಕೆಲಸ. ಒಂದು ಕಮಲಾಪುರದ ಕೆಂಪು ಬಾಳೆ ಹಣ್ಣು ಮಾಡುವುದು, ಇನ್ನೊಂದು ಆಮೆಯ ತತ್ತಿ ಕಾಯುವುದು. ಮೊದಲನೆಯದೇ ಎರಡನೆಯದನ್ನು ತಿಂದುಹಾಕಿತು ಎಂದು ಅವನು ಮೂರು ವರ್ಷ ನಂಬಿದ್ದ. ಹಾಗೆ ನಂಬಲು ಬಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನನ್ನ ಅಂಗಡಿ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ, ಕಾಯಿ ಹಣ್ಣಾಗಿಸುವ ಕೋಣೆ ಕಮಲಾಪುರದಲ್ಲಿ. ಕೋಣೆ ನೋಡಿಕೊಳ್ಳುತ್ತಿದ್ದವನು ತಾರಿಖನ ಅಪ್ಪ ಇಮಾಮುದ್ದೀನ್. ಹುಲ್ಲು ಹಾಸಿ, ಬಾಳೆಯ ಚಿಪ್ಪು ಪೇರಿಸಿ, ಹೊಗೆ ಕೊಟ್ಟು ಬಾಗಿಲು ಮುಚ್ಚುತ್ತಾರೆ. ನಡುವೆ ಒಮ್ಮೆ ತೆಗೆದು ಒಂದೊಂದು ಚಿಪ್ಪನ್ನೂ ಮಗುಚಿ ಹಾಕಬೇಕು. ಇಲ್ಲದಿದ್ದರೆ ಒಂದು ಮಗ್ಗುಲು ಕೊಳೆತು ಇನ್ನೊಂದು ಕಾಯಾಗಿಯೇ ಉಳಿಯುತ್ತದೆ. ಮರೆತರೆ ಇಮಾಮುದ್ದೀನ್ ಮಗನ ಬೆರಳ ಗೆಣ್ಣಿಗೆ ಕೋಲಿನಿಂದ ಹೊಡೆಯುತ್ತಿದ್ದ. ಹಾಗೆ ಪಳಗಿದ ಕೈ ತಾರಿಖನದು. ನಮ್ಮ ಮನೆಯ ಮದುವೆಯಲ್ಲಿ ಜಿಲೇಬಿ ಬಡಿಸುವಾಗಲೂ ಮಗುಚಿಯೇ ಹಾಕಿದ್ದ, ನಾವೆಲ್ಲ ನಕ್ಕಿದ್ದೆವು.

ಅಪ್ಪ ತೀರಿದ ಮೇಲೆ ಸೋದರಮಾವನ ಹಿಂದೆ ಒಮಾನಿಗೆ ಹೋದ. ಅಲ್ಲೊಂದು ದ್ವೀಪದಲ್ಲಿ ಡಾಕ್ಟರ್ ಮದಿಹಾ ಎಂಬ ವಿಜ್ಞಾನಿ ಲಾಗರ್‌ಹೆಡ್ ಎನ್ನುವ ದೊಡ್ಡ ತಲೆಯ ಕಡಲಾಮೆಗಳ ಸಂಶೋಧನೆ ನಡೆಸಿದ್ದರು. ಆಮೆ ದಂಡೆಗೆ ಬಂದು, ಉಸುಕು ತೋಡಿ ತತ್ತಿಯಿಟ್ಟು ಮುಚ್ಚಿ ಕಡಲಿಗೆ ಹೋಗಿಬಿಡುತ್ತದೆ. ಉಸುಕು ತಂಪಿದ್ದರೆ ಗಂಡು ಮರಿ, ಬಿಸಿಯಿದ್ದರೆ ಹೆಣ್ಣು. ಅದಕ್ಕೂ ಮೀರಿ ಕಾದರೆ ಮರಿಯೇ ಇಲ್ಲ. ಡಾಕ್ಟರು ಆ ಕಾವನ್ನು ಅಳೆಯುತ್ತಿದ್ದರು. ತೆರೆ ಬಡಿಯುವ ಕಡೆ ಇಟ್ಟ ತತ್ತಿಗಳನ್ನು ಕೂಡಲೇ ಎತ್ತಿ, ಬೇಲಿ ಹಾಕಿದ ಜಾಗದಲ್ಲಿ ಹೂಳುವುದು ತಾರಿಖನ ಕೆಲಸ.

"ಸಾವ್ಕಾರ್ರ, ನಮ್ಮ ಬಾಳಿಹಣ್ಣಿನ ಖೋಲಿ ಇದ್ದಂಗನ ಅದರಿ ಇದು. ಕಾವು ನೋಡೋದು, ಕಾಯೋದು" ಎಂದು ಫೋನಿನಲ್ಲಿ ಹೇಳುತ್ತಿದ್ದ. ಅಷ್ಟು ಖುಷಿಯ ದನಿಯನ್ನು ನಾನು ಅವನಿಂದ ಮೊದಲು ಕೇಳಿರಲಿಲ್ಲ.

ಎರಡನೆಯ ವರ್ಷ ಚಂಡಮಾರುತ ಬರುತ್ತದೆಂಬ ಸುದ್ದಿ ಬಂತು. ಬೇಲಿಯೊಳಗಿನ ತತ್ತಿಗಳನ್ನೆಲ್ಲ ಎತ್ತರದ ಜಾಗಕ್ಕೆ ಸಾಗಿಸಬೇಕಾಯಿತು. ಹೂತು ಹಲವು ದಿನವಾದ ತತ್ತಿಯೊಳಗೆ ಮರಿ ಮೇಲಿನ ಸಿಪ್ಪೆಗೆ ಅಂಟಿಕೊಂಡಿರುತ್ತದೆ, ಮಗುಚಿದರೆ ಸಾಯುತ್ತದೆ. ಅದಕ್ಕೇ ಪ್ರತಿ ತತ್ತಿಯ ನೆತ್ತಿಗೆ ಪೆನ್ಸಿಲ್ಲಿನಿಂದ ಚುಕ್ಕೆ ಇಟ್ಟು, ಚುಕ್ಕೆ ಮೇಲೆಯೇ ಇರಬೇಕೆಂದು ಡಾಕ್ಟರು ಹಿಂದಿಯಲ್ಲಿ ಬಿಡಿಸಿ ಹೇಳಿದ್ದರು. ಉಳಿದವರು ಎತ್ತಿ ತಂದರು, ಗುಂಡಿಗೆ ಇಳಿಸಿದವನು ತಾರಿಖ್. ಗಾಳಿ ಎದ್ದಿತ್ತು, ಎಲ್ಲರಿಗೂ ಅವಸರ. ಕೊನೆಯ ಗುಂಡಿ ಮುಚ್ಚುವಾಗ ನೋಡುತ್ತಾನೆ, ಒಂದು ತತ್ತಿಯ ಮೇಲೂ ಚುಕ್ಕೆ ಕಾಣುತ್ತಿಲ್ಲ. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಅನ್ನುತ್ತಾರಲ್ಲ, ಕೈ ತನ್ನ ಪಾಡಿಗೆ ತಾನು ಕಮಲಾಪುರದ ಕೆಲಸ ಮಾಡಿ ಮುಗಿಸಿತ್ತು.

ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಇವನದು. ಮರುದಿನ ಬೆಳಿಗ್ಗೆಯೇ ಡಾಕ್ಟರ ಬಳಿ ಹೋಗಿ ತಾನು ಮಗುಚಿದ್ದನ್ನು ಹೇಳಿದ. ಅದೇ ವಾರ ಅವನನ್ನು ಊರಿಗೆ ಕಳಿಸಿದರು. ಆ ಗುಂಡಿಗಳಿಂದ ಒಂದು ಮರಿಯೂ ಏಳಲಿಲ್ಲವೆಂದು ಆಮೇಲೆ ಜೊತೆಯವನೊಬ್ಬ ಫೋನ್ ಮಾಡಿ ತಿಳಿಸಿದ.

ಊರಿಗೆ ಬಂದವನು ನನ್ನ ಕೋಣೆಯೊಳಗೆ ಕಾಲಿಡಲಿಲ್ಲ. ಹೊರಗೆ ಆಟೋಕ್ಕೆ ಕ್ರೇಟು ಏರಿಸುವ ಕೆಲಸ ಸಾಕು ಎಂದ. ಹೆಂಡತಿ ಅಫ್ಶೀನಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ.

"ಅಷ್ಟ ಕೂಸು ಕೊಂದಾವಗ ಅಲ್ಲಾ ಹ್ಯಾಂಗ ಕೊಡ್ತಾನ್ರಿ?" ಎಂದ ನನ್ನ ಮುಂದೆ. ಬೈದೆ, ಸಮಾಧಾನ ಹೇಳಿದೆ, ಕೇಳಲಿಲ್ಲ. ಆ ಹುಡುಗಿಯೂ ಅದನ್ನೇ ನಂಬಿ ಗಂಡನ ಮುಖ ನೋಡುವುದನ್ನು ಬಿಟ್ಟಿದ್ದಳು.

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಮಗಳು ಅಂಜನಾ ಪ್ರಾಣಿಶಾಸ್ತ್ರ ಓದುತ್ತಾಳೆ. ಈ ಬೇಸಿಗೆಯಲ್ಲಿ ಅವಳು ಡಾಕ್ಟರ್ ಮದಿಹಾ ಅವರ ಲೇಖನ ಹುಡುಕಿ ಓದಿದಳು. ಆ ಗುಂಡಿಗಳ ಸತ್ತ ತತ್ತಿಗಳನ್ನು ಒಡೆದು ನೋಡಿದ್ದರಂತೆ. ಚಂಡಮಾರುತಕ್ಕಿಂತ ಎಷ್ಟೋ ಮೊದಲೇ ಮರಿಗಳ ಬೆಳವಣಿಗೆ ನಿಂತಿತ್ತು. ಬೇಲಿಯೊಳಗಿನ ಉಸುಕು ಆ ವರ್ಷ ಕಾದದ್ದಕ್ಕೆ ಒಳಗೇ ಬೆಂದುಹೋಗಿದ್ದವು. ತಾರಿಖ್ ಮಗುಚಿದ್ದು ಸತ್ತ ತತ್ತಿಗಳನ್ನು. ಇದು ನಿಮಗೆ ಯಾವಾಗ ಗೊತ್ತಾಯಿತೆಂದು ಅಂಜನಾ ಡಾಕ್ಟರಿಗೆ ಬರೆದು ಕೇಳಿದಳು. ಅದೇ ತಿಂಗಳು ಗೊತ್ತಾಗಿತ್ತು, ಅವನಿಗೆ ತಿಳಿಸಬೇಕೆಂದಿದ್ದೆ, ಕೆಲಸದ ಗಡಿಬಿಡಿಯಲ್ಲಿ ಉಳಿದುಹೋಯಿತು, ಅವನ ಜಾಗದಲ್ಲಿ ಈಗ ಬೇರೆಯವರಿದ್ದಾರೆ ಎಂದು ಉತ್ತರ ಬಂತು. ಉಳಿದುಹೋಯಿತಂತೆ. ಇಲ್ಲಿ ಒಂದು ಸಂಸಾರ ಮೂರು ವರ್ಷ ಬೆಂದಿತ್ತು.

ಅವತ್ತೇ ಕಮಲಾಪುರಕ್ಕೆ ಹೋದೆವು. ಕೋಣೆಯ ಹಿಂದೆಯೇ ತಾರಿಖನ ಮನೆ. ಅಂಜನಾ ಎಲ್ಲ ಬಿಡಿಸಿ ಹೇಳಿದಳು.

"ನೀ ಕೊಂದಿಲ್ಲೋ ತಮ್ಮಾ. ಮೊದಲ ಸತ್ತಿದ್ವು ಅವು" ಎಂದೆ ನಾನು.

ಬಾಗಿಲಲ್ಲಿ ನಿಂತಿದ್ದ ಅಫ್ಶೀನ್ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ತಾರಿಖ್ ಎತ್ತಿದ್ದ ಕ್ರೇಟನ್ನು ಮೆಲ್ಲಗೆ ಕೆಳಗಿಟ್ಟ. ಅವನ ಮುಖದಲ್ಲಿ ಹಗುರವಾದದ್ದೇನೂ ನನಗೆ ಕಾಣಲಿಲ್ಲ.

"ಡಾಕ್ಟರಮ್ಮಗ ಯಾವಾಗ ಗೊತ್ತಾಗಿತ್ತಂತ್ರಿ?"

"ಅದ ತಿಂಗಳ."

ಕೆಳಗಿಟ್ಟ ಕ್ರೇಟನ್ನು ಮತ್ತೆ ಎತ್ತಿಕೊಂಡ.

"ನಾ ಮರುದಿನಾನ ಹೇಳಿದ್ನಲ್ರಿ, ಸಾವ್ಕಾರ್ರ."