ಕಾರಿನ ಕೆಳಗೊಂದು ಹೂವಿನ ಪಾತಿ

ಬೆಳಗಿನ ಪೂಜೆಯಲ್ಲಿ ಎಳೆದುಕೊಂಡ ವಿಭೂತಿಯ ಮೂರು ಗೆರೆಗಳು ಎದುರುಮನೆ ಮಾವನ ಹಣೆಯಲ್ಲಿ ಮಧ್ಯಾಹ್ನದವರೆಗೆ ನೆಟ್ಟಗೆ ನಿಂತದ್ದನ್ನು ನಾನು ಕಂಡಿಲ್ಲ. ಬಿಸಿಲೇರಿದಂತೆ ಅವು ಬೆವರಿಗೆ ಕರಗಿ ಕೆಳಗಿಳಿದು ಹುಬ್ಬಿನ ಕೂದಲಲ್ಲಿ ಕೂರುತ್ತಿದ್ದವು. ಅದನ್ನು ಒರೆಸಲು ಹೋಗಿ, ಮಣ್ಣು ಮೆತ್ತಿದ ಕೈಯಿಂದ ಕೆಂಪಗೆ ನಾಲ್ಕನೆಯದೊಂದು ಗೆರೆಯನ್ನೂ ಎಳೆದುಕೊಳ್ಳುತ್ತಿದ್ದರು.

ಮಾವ ಅಂದರೆ ನನ್ನ ಗಂಡನ ತಂದೆಯಲ್ಲ. ತೊಂಬತ್ತರ ದಶಕದ ನಡುವೆ ನಾನು ಮದುವೆಯಾಗಿ ಶ್ರೀರಾಂಪುರ ಲೇಔಟಿಗೆ ಬಂದಾಗ ಎದುರುಮನೆಯಲ್ಲಿದ್ದ ಹಿರಿಯರು. ಹಳೇ ಊರಿನ ಅಗ್ರಹಾರದಲ್ಲಿ ವಿಭೂತಿ, ರುದ್ರಾಕ್ಷಿ, ಊದುಬತ್ತಿ ಮಾರುವ ಅಂಗಡಿ ನಡೆಸಿಕೊಂಡಿದ್ದವರು, ಹೆಂಡತಿ ತೀರಿಕೊಂಡ ಮೇಲೆ ಅದನ್ನು ತಮ್ಮನಿಗೆ ವಹಿಸಿ ಮಗ-ಸೊಸೆಯ ಜೊತೆ ಇಲ್ಲಿಗೆ ಬಂದಿದ್ದರು. ಅಗ್ರಹಾರದ ಮನೆಯಲ್ಲಿ ಬಾಗಿಲು ತೆಗೆದರೆ ಬೀದಿ. ಇಲ್ಲಿ ಗೇಟಿಗೂ ಜಗಲಿಗೂ ನಡುವೆ ಒಂದು ಪಟ್ಟಿ ಮಣ್ಣು ಸಿಕ್ಕಿತ್ತು. ಅದನ್ನವರು "ನನ್ನ ಜಮೀನು" ಅನ್ನುತ್ತಿದ್ದರು.

ನಾನು ತಳ್ಳುಗಾಡಿಯವನಿಂದ ಅರಳಿ ನಿಂತಿದ್ದ ಡೇಲಿಯಾ ಕೊಂಡು ಕಾಂಪೌಂಡಿನ ಬುಡದಲ್ಲಿ ನೆಟ್ಟಿದ್ದೆ. ಅದು ದಿನದಿನಕ್ಕೆ ಸೊರಗಿತು. ಒಂದು ಬೆಳಗ್ಗೆ ಮಾವ ರಸ್ತೆ ದಾಟಿ ಬಂದರು.

"ಈ ಜಾಗದಲ್ಲಿ ಎಷ್ಟೊತ್ತು ಕೂತಿದ್ರಿ?"

"ನಾನ್ಯಾಕೆ ಕೂರ್ಲಿ ಮಾವ?"

"ಮತ್ತೆ ಗಿಡಕ್ಕೆ ಮಾತ್ರ ಕೂತ್ಕೊ ಅಂತೀರಲ್ಲ!"

ತಮ್ಮ ಮನೆಯಿಂದ ಒಂದು ಮಣೆ ತಂದುಕೊಟ್ಟು, ಬೆಳಗ್ಗೆ ಸ್ವಲ್ಪ, ಮಧ್ಯಾಹ್ನ ಸ್ವಲ್ಪ, ಸಂಜೆ ಸ್ವಲ್ಪ ಅಲ್ಲೇ ಕೂತು ನೋಡಲು ಹೇಳಿದರು. ಹೊಸ ಸೊಸೆ ಕಾಂಪೌಂಡಿಗೆ ಒರಗಿ ಕೂತದ್ದನ್ನು ಕಂಡು ನಮ್ಮತ್ತೆ, "ಏನೇ ಇದು, ತವರುಮನೆಯವರು ಕಲಿಸಿದ ವ್ರತಾನಾ?" ಅಂದರು. ಅಲ್ಲಿ ಬಿಸಿಲು ಬಂದು ಹಾಗೇ ಹೊರಟುಹೋಗುತ್ತಿತ್ತು, ಗಾಳಿ ಮಾತ್ರ ಬಿಡದೆ ಬೀಸುತ್ತಿತ್ತು. ಡೇಲಿಯಾ ಯಾಕೆ ಸೊರಗಿತು ಅಂತ ಯಾರೂ ಹೇಳಬೇಕಾಗಲಿಲ್ಲ.

"ಹೂ ಆರಿಸೋದು ಅಂದ್ರೆ ಸೊಸೆ ತಂದಂಗಲ್ಲ ಕಣಮ್ಮ, ಮಗಳನ್ನ ಕೊಟ್ಟಂಗೆ," ಎಂದರು ಮಾವ. "ಹುಡುಗಿ ಚೆನ್ನಾಗವ್ಳೆ ಅಂದ್ರೆ ಸಾಲದು. ಹೋಗೋ ಮನೆ ನೋಡ್ಬೇಕು."

ಅವರ ವರ್ಷದ ಲೆಕ್ಕ ಒಂದೇ ಸಾಲಿನದು: ಸಂಕ್ರಾಂತಿಗೆ ಬೀಜ, ಶಿವರಾತ್ರಿಗೆ ಸಸಿ, ಯುಗಾದಿಗೆ ಹೂ. ಜೀನಿಯಾ, ಕಾಸ್ಮಾಸ್, ಕರ್ಣಕುಂಡಲ. ಮಣ್ಣಿನ ಅಗಲವಾದ ಕುಂಡದಲ್ಲಿ ಬೀಜ ಚೆಲ್ಲಿ, ಮೇಲೆ ಒದ್ದೆ ಗೋಣಿ ಹೊದಿಸಿ, ಮಗು ಮಲಗಿದ ಕೋಣೆಗೆ ಹೋದವರ ಹಾಗೆ ಆಗಾಗ ತುದಿ ಎತ್ತಿ ನೋಡುತ್ತಿದ್ದರು. ಯುಗಾದಿಯ ಬೆಳಗ್ಗೆ ಬೇವು-ಬೆಲ್ಲ ಕೊಡಲು ಹೋದವರಿಗೆಲ್ಲ ಮೊದಲು ಪಾತಿ ತೋರಿಸಿ, ಆಮೇಲೆ ಒಳಗೆ ಕರೆಯುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರ ಮಗ ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ರಸ್ತೆಯಲ್ಲಿ ನಿಲ್ಲಿಸಿದರೆ ಯಾರೋ ಗೀರುತ್ತಿದ್ದರು. ಒಳಗೆ ನಿಲ್ಲಿಸಲು ಇದ್ದದ್ದು ಆ ಒಂದು ಪಟ್ಟಿ ಮಣ್ಣು. ಸಿಮೆಂಟ್ ಹಾಕಿಸುವುದೆಂದು ಮಗ ನಿರ್ಧರಿಸಿದ. ಮಾವ ಜಗಳವಾಡಲಿಲ್ಲ. ಕುಂಡದ ಗೋಣಿ ಎತ್ತುವುದನ್ನೇ ಬಿಟ್ಟರು. ಕುಂಡದ ಸಸಿಗಳು ಒಂದರ ಮೇಲೊಂದು ಬಿದ್ದು ಉದ್ದುದ್ದ ಬೆಳೆದುಬಿಟ್ಟವು.

ನಾನು ತಡೆಯಲಾರದೆ ಹೋಗಿ, "ಕುಂಡಗಳಲ್ಲೇ ಬೆಳೆಸಬಹುದಲ್ಲ ಮಾವ," ಅಂದೆ.

"ಬೆಳೆಸ್ಬೋದು ಬುಡಿ. ಆದ್ರೆ ಅಂಗಡಿ ಬಿಟ್ಮೇಲೆ ಬೆಳಗ್ಗೆ ಎದ್ದು ಹೋಗಕ್ಕೆ ನಂಗೊಂದು ಜಾಗ ಅಂತ ಇದ್ದಿದ್ದು ಇದು. ಕುಂಡದೊಳಕ್ಕೆ ಎಂಗಮ್ಮ ಹೋಗ್ಲಿ?"

ಶಿವರಾತ್ರಿಯ ಹಿಂದಿನ ವಾರ ಗೇಟಿನ ಮುಂದೆ ಮರಳು, ಜಲ್ಲಿ ಬಂದು ಬಿದ್ದವು. ಗಾರೆಯವನು ದಾರ ಹಿಡಿದು ಅಳತೆ ಮಾಡುತ್ತಿದ್ದ. ಮಾವ ಜಗಲಿಯ ಮೇಲಿಂದ ಅದನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು:

"ಅಲ್ಲಪ್ಪ, ಕಾರು ಹೊಟ್ಟೆ ಮೇಲೆ ಹರಿಯುತ್ತೋ, ಚಕ್ರದ ಮೇಲೋ?"

"ಇದೇನ್ ಸ್ವಾಮಿ ಇಂಗ್ ಕೇಳ್ತೀರಿ? ಚಕ್ರದ ಮೇಲೆ."

"ಅಂಗಾದ್ರೆ ಹೊಟ್ಟೆ ಕೆಳಗೆ ಯಾಕೆ ಸಿಮೆಂಟು?"

ಗಾರೆಯವನು ಮಗನ ಮುಖ ನೋಡಿದ. ಮಗ, "ಅಪ್ಪಾಜಿ, ಕಾರಿನ ಕೆಳಗೆ ಯಾವ ಹೂ ಬೆಳೆಯುತ್ತೆ?" ಅಂದ.

"ಅದನ್ನ ನಾಳೆ ಹೇಳ್ತೀನಿ."

ಮರುದಿನ ನಮ್ಮತ್ತೆ ರಂಗೋಲಿ ಹಾಕಲು ಹೊರಟವರು ಕಿಟಾರನೆ ಕಿರುಚಿಕೊಂಡರು. ಎದುರುಮನೆ ಗೇಟಿನೊಳಗೆ ತಂದು ನಿಲ್ಲಿಸಿದ್ದ ಕಾರಿನ ಕೆಳಗಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ನಾನು ಸೌಟು ಹಿಡಿದುಕೊಂಡೇ ಓಡಿದೆ. ಮಗ, ಸೊಸೆ ಒಳಗಿಂದ ಓಡಿಬಂದರು.

ಕಾರಿನ ಕೆಳಗಿಂದ ಧ್ವನಿ ಬಂತು. "ಯಾಕಿಂಗೆ ಕೂಗ್ತೀರಿ? ಬಿಸಿಲು ನೋಡ್ತಾ ಇದೀನಿ ಕಣ್ರೀ. ಇಲ್ಲಿ ಕೂರಕ್ಕಾಗಲ್ಲ, ಅದಕ್ಕೇ ಮಲಗಿದೀನಿ."

"ಬಂತಾ ಬಿಸಿಲು?" ಅಂದರು ನಮ್ಮತ್ತೆ, ಎದೆಯ ಮೇಲೆ ಕೈಯಿಟ್ಟುಕೊಂಡು.

"ಇನ್ನೂ ಇಲ್ಲ. ಇವನು ಆಫೀಸಿಗೆ ತೊಲಗಿದ ಮೇಲೆ ಬರುತ್ತೆ."

ಹಾಗೆ ಹೇಳುತ್ತಲೇ ಅವರಿಗೆ ಉತ್ತರ ಸಿಕ್ಕಿತೆಂದು ಕಾಣುತ್ತದೆ. ತೆವಳಿಕೊಂಡು ಹೊರಬಂದವರು ನೇರ ನಮ್ಮ ಮನೆಗೆ ನಡೆದು, ಮೆಟ್ಟಿಲ ಪಕ್ಕದ ಕುಂಡದಲ್ಲಿ ಹಬ್ಬಿದ್ದ ಹತ್ತು ಗಂಟೆ ಹೂವಿನ ಬಳ್ಳಿಯ ಮುಂದೆ ನಿಂತರು. ನೆಲಕ್ಕೆ ಅಂಟಿಕೊಂಡೇ ಬೆಳೆಯುವ ಗಿಡ. ಬಿಸಿಲು ಚೆನ್ನಾಗಿ ಏರಿದ ಮೇಲೆಯೇ ಅರಳುತ್ತದೆ, ಸಂಜೆಗೆ ಮುಂಚೆ ಮುದುಡುತ್ತದೆ. "ನೋಡಮ್ಮ, ಇದಕ್ಕೂ ಆಫೀಸ್ ಟೈಮೇ," ಎಂದು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕದ್ದು.

ಚಕ್ರ ಹರಿಯುವಲ್ಲಿ ಮಾತ್ರ ಸಿಮೆಂಟಿನ ಎರಡು ಪಟ್ಟಿ ಬಂದವು. ನಡುವೆ ನಮ್ಮ ಕುಂಡದ ಕುಡಿಗಳನ್ನು ಮಾವ ಸಾಲಾಗಿ ಚುಚ್ಚಿದರು. ರಾಣಿ ಬಣ್ಣ, ಹಳದಿ, ಬಿಳಿ. ಎಂಜಿನ್ ಎಣ್ಣೆ ತೊಟ್ಟಿಕ್ಕುವ ಜಾಗಕ್ಕೆ ತುಪ್ಪದ ಡಬ್ಬಿಯ ಮುಚ್ಚಳವಿಟ್ಟರು. ಭಾನುವಾರ ಕಾರು ಮನೆಯಲ್ಲೇ ಉಳಿದರೆ ಹೂ ಅರಳುತ್ತಿರಲಿಲ್ಲ, ಆಗ ಇಡೀ ಬೀದಿಗೆ ಕೇಳುವಂತೆ ಮಾವನ ಕೂಗು: "ಏಳೋ, ಗಾಡಿ ಈಚೆಗೆ ತೆಗಿ. ರಜಾ ನಿನಗೆ, ಹೂವಿಗಲ್ಲ!" ಮಗ ಆಕಳಿಸುತ್ತ ಲುಂಗಿಯಲ್ಲೇ ಬಂದು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ. ಬೈದುಕೊಳ್ಳುತ್ತಿದ್ದ, ಆದರೆ ತೆಗೆಯುತ್ತಿದ್ದ.

ಕೆಲವು ವರ್ಷಗಳ ನಂತರ ನಾವು ದಟ್ಟಗಳ್ಳಿಯಲ್ಲಿ ಮನೆ ಕಟ್ಟಿದೆವು. ತಳಪಾಯಕ್ಕೆ ಮುಂಚೆ ನಾನು ಖಾಲಿ ಸೈಟಿನಲ್ಲಿ ಮೂಲೆ ಮೂಲೆಗೂ ಕೂತು ನೋಡಿದ್ದನ್ನು ಕಂಡು ಇಂಜಿನಿಯರು ವಾಸ್ತು ಅಂದುಕೊಂಡರು. ನಾನೂ ಹೌದೆಂದೆ.

ಮಾವ ತೀರಿಹೋದದ್ದು ನಾವು ಅಲ್ಲಿಗೆ ಬಂದ ಮೇಲೆ, ಒಂದು ಯುಗಾದಿ ಮುಗಿದ ವಾರದಲ್ಲಿ, ಬೆಳಗಿನ ಜಾವ. ನಾವು ಹೋಗುವ ಹೊತ್ತಿಗೆ ಕಾರು ಆಗಲೇ ಬೀದಿಯ ತುದಿಯಲ್ಲಿತ್ತು. ಬೇರೆ ಯಾವ ಕೆಲಸಕ್ಕೂ ಮೊದಲು ಮಗ ಅದನ್ನು ಆಚೆಗೆ ತೆಗೆದಿದ್ದನಂತೆ. ಜಗಲಿಯ ಮೇಲೆ, ಅವರಲ್ಲಿನ ಪದ್ಧತಿಯಂತೆ, ಮಾವನನ್ನು ಕೂರಿಸಿದ್ದರು. ಹಣೆಯ ವಿಭೂತಿ ಅವತ್ತು ಕರಗಲಿಲ್ಲ. ಬಂಧುಗಳು ಅಗ್ರಹಾರದಿಂದ ಬಂದರು, ಲೇಔಟಿನವರು ಬಂದರು. ಒಂದು ಸಿಮೆಂಟ್ ಪಟ್ಟಿಯ ಮೇಲೆ ಬಂದು ಕೈಮುಗಿದು ಇನ್ನೊಂದರ ಮೇಲೆ ಹೋದರು; ಹಾಗೆ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಬಿಸಿಲೇರಿ ನಡುವಿನ ಪಾತಿ ತುಂಬ ಹೂ ಅರಳಿತು.

ಬಿಸಿಲು ನೆತ್ತಿಗೆ ಬಂದಾಗ ಬಿದಿರಿನ ವಿಮಾನದಲ್ಲಿ ಮಾವನನ್ನು ಕೂರಿಸಿ ಹೆಗಲಿಗೆ ಎತ್ತಿದರು. ಹೊತ್ತವರು ಆ ಪಟ್ಟಿಗಿಬ್ಬರು, ಈ ಪಟ್ಟಿಗಿಬ್ಬರು ನಿಂತು ನಿಧಾನವಾಗಿ ಹೆಜ್ಜೆ ಹಾಕಿದರು. ಮಾವ ಹೂವಿನ ಮೇಲೆಯೇ ಗೇಟು ದಾಟಿದರು.