ಬೆನ್ನು ಒತ್ತಿ ನೋಡುವ ಜಯಶೀಲಾ

ಹಿರಿಯೂರಿನ ಹುಡುಗಿಯರ ಹಾಸ್ಟೆಲಿಗೆ ಪೌಷ್ಟಿಕ ಆಹಾರದ ಬಗ್ಗೆ ಭಾಷಣ ಮಾಡಲು ಬಂದ ಮೇಡಂ, ತೂಕದ ವಿಚಾರವನ್ನು ತೂಕವಾಗಿಯೇ ಹೇಳುತ್ತಿದ್ದರು. ಟೀ ತಂದ ಅಡುಗೆಯ ಜಯಶೀಲಾ ಅವರ ಹಿಂದೆ ನಿಂತಳು. ಕೈ ತಾನಾಗಿಯೇ ಮೇಡಂ ಬೆನ್ನುಮೂಳೆಯನ್ನು ಒತ್ತಿತು.

"ಮೈ ತುಂಬೈತೆ. ಇನ್ನು ಮಾರಬೋದು."

ಮೈಕು ಅದನ್ನು ಸಭೆಗೆಲ್ಲ ಹೇಳಿತು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಜಯಶೀಲಾ ಅಡುಗೆಮನೆಗೆ ಓಡಿದಳು.

ಅದು ತವರಿನಿಂದ ಬಂದ ಕೈ. ಮದಕರಿಪುರದಲ್ಲಿ ಅವಳಪ್ಪ ಗೋವಿಂದಪ್ಪ ಸಂಜೆ ಒಂದೊಂದು ಕುರಿಯ ಬೆನ್ನನ್ನೂ ಒತ್ತಿ ನೋಡುತ್ತಿದ್ದ. ಉಣ್ಣೆ ಕಣ್ಣಿಗೆ ಸುಳ್ಳು ಹೇಳುತ್ತದೆ, ಮೂಳೆ ಕೈಗೆ ಹೇಳುವುದಿಲ್ಲ. ಮೈ ತುಂಬಿದ್ದನ್ನು ಸಂತೆಗೆ ಹೊಡೆಯುತ್ತಿದ್ದ, ಸೊರಗಿದ್ದನ್ನು ಬೇರೆ ಕಟ್ಟಿ ಹುರುಳಿ ಇಡುತ್ತಿದ್ದ. ಅಂಥ ಮನೆಯಲ್ಲಿ ಜಯಶೀಲಾಳ ತಂಗಿ ಅನುಸೂಯಳ ಬೆನ್ನನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹೆಣ್ಣು ನೋಡಲು ಬಂದವರು "ಹುಡುಗಿ ಸ್ವಲ್ಪ ದಪ್ಪ" ಎಂದು ಎದ್ದುಹೋದ ಮೇಲೆ ಅವಳು ಊಟ ಬಿಟ್ಟು ನಿಂಬೆನೀರಿಗೆ ಬಿದ್ದಳು. ಸಡಿಲ ನೈಟಿಯೊಳಗೆ ತಂಗಿ ಎಷ್ಟು ಕರಗಿದ್ದಳೆಂದು ಜಯಶೀಲಾಳ ಕೈಗೆ ತಿಳಿದದ್ದು, ಅವಳಿಗೆ ಕೊನೆಯ ಸ್ನಾನ ಮಾಡಿಸುವಾಗ.

ಪಿತೃಪಕ್ಷ ಬಂತು. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡಬೇಕಲ್ಲ? ಅನುಸೂಯಳಿಗೆ ಏನಿಷ್ಟವಿತ್ತೆಂದು ಯಾರಿಗೂ ನೆನಪಾಗಲಿಲ್ಲ. ಅವ್ವ ಅಳುತ್ತ ನಿಂಬೆನೀರು ಇಟ್ಟಳು.

ಅಂದಿನಿಂದ, ಜಯಶೀಲಾ ಎಲ್ಲಿ ಬಡಿಸಿದರೂ ಸಾಲಿನ ತುದಿಯಲ್ಲಿ ತಂಗಿ ಖಾಲಿ ತಟ್ಟೆ ಹಿಡಿದು ನಿಂತಿರುತ್ತಾಳೆ. ಸೌಟು ಚಾಚಿದರೆ ಅಲ್ಲಿ ಯಾರೂ ಇರುವುದಿಲ್ಲ.

ಈ ವರ್ಷ ಆ ತುದಿಯಲ್ಲಿ ಹೊಸದುರ್ಗದ ನಾಗಶ್ರೀಯೂ ನಿಲ್ಲುತ್ತಿದ್ದಳು. ಗೆಳತಿಯರ ಜೊತೆಗಿನ ಫೋಟೋದಲ್ಲಿ ತಾನೊಬ್ಬಳೇ ಅಗಲ ಕಂಡೆನೆಂದು ಮೂರು ವಾರದಿಂದ ಮುದ್ದೆ ಬಿಟ್ಟಿದ್ದಳು. ಭಾಷಣ ಮುಗಿದದ್ದೇ ಅಡುಗೆಮನೆಗೆ ಬಂದಳು.

"ಏನಕ್ಕಾ, ಮೇಡಮ್ಮನ್ನೇ ಸಂತೆಗೆ ಹೊಡ್ದ್ಯಲ್ಲ!"

ಜಯಶೀಲಾ ನಗಲಿಲ್ಲ. ನಾಗಶ್ರೀಯ ಬೆನ್ನು ಒತ್ತಿದಳು. ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಗೆದಳು. ಈ ಮೂಳೆಗಳು ಅವಳಿಗೆ ಪರಿಚಿತ.

"ಕುಂತ್ಕಳವ್ವ. ಉಣ್ಣು."

"ಬ್ಯಾಡಕ್ಕಾ, ದಪ್ಪ ಆಗ್ತೀನಿ."

ಜಯಶೀಲಾ ತಟ್ಟೆಗೆ ಬಡಿಸುತ್ತಲೇ ಯಾರಿಗೂ ಹೇಳದಿದ್ದ ಕತೆಯನ್ನು ಹೇಳಿದಳು, ಎಡೆಯ ನಿಂಬೆನೀರಿನಿಂದ ಸಾಲಿನ ತುದಿಯ ಖಾಲಿ ತಟ್ಟೆಯವರೆಗೂ. ನಾಗಶ್ರೀ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದಳು. ಇನ್ನೊಂದು ತುತ್ತು ಮುರಿದಳು.

"ಅನುಸೂಯಕ್ಕ ಇವತ್ತೂ ಬಂದಾಳಾ?"

"ಹ್ಞೂಂ. ನಿನ್ ಹಿಂದೇನೇ ಅವ್ಳೆ."

ತುತ್ತು ಹಿಡಿದ ನಾಗಶ್ರೀಯ ಕೈ ಅಲ್ಲೇ ನಿಂತಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

"ಏನಂತಾಳೆ?"

ಜಯಶೀಲಾ ನಾಗಶ್ರೀಯ ಬೆನ್ನ ಹಿಂದಕ್ಕೆ ಕಿವಿಗೊಟ್ಟಳು.

"ಸಾರಿಗೆ ಉಪ್ಪು ಕಮ್ಮಿ ಅಂತಾಳೆ."