ದೊಡ್ಡಮ್ಮನ ಗದ್ದವೂ ದೊಡ್ಡ ಸೆನ್ಸರೂ

ನನ್ನ ದೊಡ್ಡಮ್ಮ ಯಾವ ಫೋಟೋದಲ್ಲೂ ಕಣ್ಣು ಬಿಟ್ಟವಳಲ್ಲ. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲದರಲ್ಲೂ ಫ್ಲ್ಯಾಶ್ ಮಿಂಚಿದ ಕೂಡಲೇ ರೆಪ್ಪೆ ಮುಚ್ಚಿ, ಆಲ್ಬಮ್ಮಿನ ತುಂಬ ನಿಂತಲ್ಲೇ ನಿದ್ದೆ ಹೊಡೆದಿದ್ದಾಳೆ. “ನಾ ಹೋದಮ್ಯಾಲೆ ಗ್ವಾಡಿಗೆ ಹಾಕಾಕಾದ್ರೂ ಕಣ್ಣು ಬಿಟ್ಟಿದ್ದು ಒಂದು ಬೇಕಲ್ಲಪ್ಪ” ಎಂದು ಅವಳು ನಕ್ಕಾಗ ನನಗೆ ನಗು ಬರಲಿಲ್ಲ. ತೆಗೆದೇ ತೀರಬೇಕೆಂಬ ಹಠ ಹುಟ್ಟಿತು.

ಫ್ಲ್ಯಾಶ್ ಬೇಡ, ಸರಿ. ಆದರೆ ಅವಳು ನಿಶ್ಚಿಂತೆಯಿಂದ ಒಂದೆಡೆ ಕೂರುವುದು ರೊಟ್ಟಿ ಬಡಿಯುವಾಗ ಮಾತ್ರ. ಹರಿಹರದ ಅವಳ ಅಡುಗೆಮನೆಯಲ್ಲಿ ಬೆಳಕೆಂದರೆ ಒಂದು ಬೆಳಕಿಂಡಿ, ಒಂದು ಒಲೆ. ನನ್ನ ಹಳೆಯ ಕ್ಯಾಮೆರಾದಲ್ಲಿ, ಮಬ್ಬಿನಲ್ಲೂ ಚಿತ್ರ ಬೆಳ್ಳಗೆ ಮೂಡಲೆಂದು, ಐಎಸ್‌ಒ ಏರಿಸಿ ಹೊಡೆದೆ. ಮುಖದ ಮೇಲೆಲ್ಲ ಬಣ್ಣದ ರವೆ ಚೆಲ್ಲಿದ ಹಾಗಾಯಿತು. ಇದಕ್ಕೆ ನಾಯ್ಸ್ ಎನ್ನುತ್ತಾರೆ. ತುಟಿ ಪಿಟಕ್ಕೆನ್ನದ ಚಿತ್ರಕ್ಕೆ ಗದ್ದಲದ ಆರೋಪ!

ಬೆಳಕು ಮಳೆಯಂತೆ ಹನಿಹನಿಯಾಗಿಯೇ ಬೀಳುತ್ತದಂತೆ. ತುಂತುರಿಗೆ ಲೋಟ ಇಟ್ಟರೆಷ್ಟು ಸಿಕ್ಕೀತು? ಹಿಟ್ಟು ನಾದುವ ಅಗಲ ಪರಾತವನ್ನೇ ಇಡಬೇಕು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರೂ ಹಾಗೆಯೇ, ದೊಡ್ಡದಾದಷ್ಟೂ ಗದ್ದಲ ಕಡಿಮೆ. ನನ್ನದು ಲೋಟ. ಈ ತತ್ವವನ್ನು ಊಟಕ್ಕೆ ಕೂತಾಗಲೆಲ್ಲ ಕೇಳಿ ಕೇಳಿ ಹೆಂಡತಿ, “ಆ ಪರಾತ ತಂದುಬಿಡ್ರಿ, ನಿಮ್ಮ ಪುರಾಣ ಮುಗೀಲಿ” ಎಂದಳು. ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಗೆ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾ ಬಂದೇ ಬಂತು! ಡಬ್ಬ ಬಿಚ್ಚಿದವನು ಚಹಾ ಕುಡಿಯುವುದನ್ನೂ ಮರೆತು ಹರಿಹರದ ಬಸ್ಸು ಹತ್ತಿದೆ.

ದೊಡ್ಡಮ್ಮ ರೊಟ್ಟಿ ತಿರುವಿ ಹಾಕಿ, “ಬಿಸಿದು ತಿಂತೀಯೇನೋ?” ಎಂದು ತಲೆಯೆತ್ತಿದಳು. ಕ್ಲಿಕ್! ಎರಡೂ ಕಣ್ಣು ಪೂರ್ತಿ ತೆರೆದಿದ್ದವು. ನಾನು ಕುಣಿದದ್ದನ್ನು ಅವಳು ನೋಡುತ್ತ ಕೂತಿದ್ದಂತೆ ರೊಟ್ಟಿ ಹೊತ್ತಿತು.

ಪರಾತದಲ್ಲೂ ಅಷ್ಟಿಷ್ಟು ರವೆ ಉಳಿದಿತ್ತು. ಅಷ್ಟಕ್ಕೇ ಬಿಡುವವನೇ ನಾನು? ಕಂಪ್ಯೂಟರಿನಲ್ಲಿ ನಾಯ್ಸ್ ತೆಗೆಯುವ ಗುಂಡಿಯನ್ನು ಕೊನೆಯವರೆಗೂ ಎಳೆದೆ. ಮುಖ ಬೆಣ್ಣೆಯಂತಾಯಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ.

“ಅಯ್ಯ, ಕಣ್ಣು ಬಿಟ್ಟೀನಲ್ಲೋ!” ಎಂದು ಹಿಗ್ಗಿದವಳ ಕೈ ಮೆಲ್ಲಗೆ ಗದ್ದಕ್ಕೆ ಹೋಯಿತು. “ನನ್ನ ಹಚ್ಚಿ ಎಲ್ಲೋ?”

ಅವಳ ಗದ್ದದ ಮೇಲೆ ಮೂರು ಹಸಿರು ಚುಕ್ಕೆಗಳ ಹಚ್ಚೆಯಿದೆ, ಮಾಸಿ ಮಾಸಿ ನೆರಳಿನಷ್ಟೇ ಉಳಿದದ್ದು. ಚಿಕ್ಕವಳಿದ್ದಾಗ ಅವಳ ಅವ್ವ ತೊಡೆಯ ಮೇಲೆ ಮಲಗಿಸಿಕೊಂಡು ಹಾಕಿಸಿದ್ದು. “ಸತ್ತಮ್ಯಾಲೂ ಜೊತಿಗೆ ಬರಾದು ಇದೊಂದೇ ಅಂತಿದ್ಲು ನಮ್ಮವ್ವ. ನೀನು ಮೊದ್ಲೇ ಅಳಿಸಿಬಿಟ್ಟೆಲ್ಲೋ” ಎಂದಳು. ಗದರಲಿಲ್ಲ, ಅದೇ ಕಷ್ಟವಾಯಿತು.

ಮನೆಗೆ ಬಂದವನೇ ಗುಂಡಿಯನ್ನು ಹಿಂದಕ್ಕೆ ಎಳೆದೆ. ರವೆ ಮರಳಿತು. ಅದರ ನಡುವೆ ಒಂದು, ಎರಡು, ಮೂರು, ಹಸಿರು ಚುಕ್ಕೆಗಳು ಮೂಡಿದವು. ನಾನೊಬ್ಬನೇ ಚಪ್ಪಾಳೆ ತಟ್ಟಿದೆ.

ಹೊಸ ಪ್ರಿಂಟನ್ನು ದೊಡ್ಡಮ್ಮ ಬೆಳಕಿಂಡಿಗೆ ಹಿಡಿದು ನೋಡಿದಳು. “ಹಾಂ, ಈಗ ನಾ ಬಂದೆ ನೋಡು.” ಆಮೇಲೆ ಕಣ್ಣು ಕಿರಿದು ಮಾಡಿ, “ಇದೇನೋ ಮ್ಯಾಲೆ ಉದುರಿದಂಗೈತೆ?” ಎಂದಳು.

ಸೆನ್ಸರು, ಪರಾತ, ತುಂತುರು ಮಳೆ, ಎಲ್ಲವೂ ನನ್ನ ನಾಲಗೆಯ ತುದಿಗೆ ಬಂದವು. ಅಷ್ಟರಲ್ಲಿ ಅವಳೇ ಹೇಳಿದಳು: “ಹಿಟ್ಟು ಇರಬೇಕು ಬಿಡು. ರೊಟ್ಟಿ ಬಡಿವಾಗ ಹಾರ್ತದೆ.”

ಹಿಟ್ಟೇ ಎಂದೆ.